ಕೈಗೆಟುಕದ ಬೆಳಕಿಂಡಿ

ಹೊಸ ಮನೆಯನ್ನು ಕಟ್ಟಿಸುವವರು ತಲೆಬಾಗಿಲಿನ ಚೌಕಟ್ಟನ್ನು ನಿಲ್ಲಿಸುವ ದಿನ ಮುಹೂರ್ತವನ್ನು ನೋಡುತ್ತಾರೆ. ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚುತ್ತಾರೆ, ಮಾವಿನ ತೋರಣವನ್ನು ಕಟ್ಟುತ್ತಾರೆ, ನೆರೆಹೊರೆಯವರಿಗೆ ಸಕ್ಕರೆಯನ್ನು ಹಂಚುತ್ತಾರೆ. ಕಿಟಕಿಗೆ ಇಷ್ಟು ಸಂಭ್ರಮವಿಲ್ಲದಿದ್ದರೂ ಅದರ ಸರಳುಗಳು ಯಾವ ಮಾದರಿಯಲ್ಲಿರಬೇಕೆಂಬ ಚರ್ಚೆಯಾದರೂ ನಡೆಯುತ್ತದೆ. ಆದರೆ ಬೆಳಕಿಂಡಿಗೆ ಮುಹೂರ್ತವನ್ನು ನೋಡಿದವರು ಯಾರೂ ಇಲ್ಲ. ಛಾವಣಿಯ ಕೆಲಸ ಮುಗಿಯುತ್ತ ಬಂದಾಗ ಗೌಂಡಿಯು ಮೇಲಿನಿಂದಲೇ ಕೂಗಿ ಕೇಳುತ್ತಾನೆ. ಕೆಳಗಿನಿಂದ ಯಾರೋ ಒಬ್ಬರು ಕೈ ತೋರಿಸುತ್ತಾರೆ. ಅಲ್ಲಿ ಒಂದು ತೂತು ಉಳಿಯುತ್ತದೆ. ಮುಂದಿನ ಐವತ್ತು ಅರವತ್ತು ವರ್ಷಗಳ ಕಾಲ ಆ ಮನೆಯ ಒಳಗಿನ ಹಗಲು ಹೇಗಿರಬೇಕೆಂಬುದು ಆ ಒಂದು ಗಳಿಗೆಯಲ್ಲಿ ನಿರ್ಧಾರವಾಗಿಬಿಡುತ್ತದೆ. ಹಾಗೆ ಕೈ ತೋರಿಸಿದವರು ಸಾಮಾನ್ಯವಾಗಿ ಆ ತೂತಿನ ಕೆಳಗೆ ಕುಳಿತು ಕೆಲಸ ಮಾಡುವವರಾಗಿರುವುದಿಲ್ಲ.

ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಈ ಊರುಗಳ ಹಳೆಯ ಓಣಿಗಳಲ್ಲಿ ನಡೆದುಹೋಗುವವರಿಗೆ ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಂತೆ ಕಾಣುತ್ತವೆ. ಒಂದು ಮನೆಯ ಎಡಗೋಡೆಯೇ ಪಕ್ಕದ ಮನೆಯ ಬಲಗೋಡೆ. ಬೀದಿಗೆ ತೆರೆದಿರುವುದು ತಲೆಬಾಗಿಲೊಂದೇ. ಅದನ್ನು ದಾಟಿದರೆ ಪಡಸಾಲೆ, ಪಡಸಾಲೆಯ ಹಿಂದೆ ನಡುಮನೆ, ಅದರ ಹಿಂದೆ ಅಡಿಗೆಮನೆ. ಕಳ್ಳರ ಭಯ, ಬೇಸಗೆಯ ಝಳ, ಹಂಚಿಕೊಂಡ ಗೋಡೆ, ಈ ಮೂರೂ ಸೇರಿ ಪಕ್ಕದ ಕಿಟಕಿಗಳಿಗೆ ಅವಕಾಶವಿಲ್ಲದಂತೆ ಮಾಡಿದವು. ಇಂತಹ ಮನೆಯಲ್ಲಿ ನಡುಮನೆಗೂ ಅಡಿಗೆಮನೆಗೂ ಬೆಳಕು ಬರಬೇಕಾದರೆ ಅದು ಆಕಾಶದಿಂದಲೇ ನೇರವಾಗಿ ಇಳಿದು ಬರಬೇಕು. ಆದುದರಿಂದ ಅಲ್ಲಿ ಬೆಳಕಿಂಡಿ ಎಂಬುದು ಅಲಂಕಾರದ ವಸ್ತುವಲ್ಲ. ಒಳಮನೆಗೆ ಇರುವ ಏಕೈಕ ಕಣ್ಣು.

ಕಣ್ಣು ಎಂಬ ಮಾತು ಕೇವಲ ಹೋಲಿಕೆಯಲ್ಲ. ಬೆಳಕಿನ ಕಿಂಡಿಯೇ ಬೆಳಕಿಂಡಿ ಎಂಬುದು ಸ್ಪಷ್ಟವಾಗಿದೆ. ಇದೇ ಅರ್ಥದಲ್ಲಿ ಬಳಕೆಯಲ್ಲಿರುವ ಗವಾಕ್ಷ ಎಂಬ ಸಂಸ್ಕೃತ ಶಬ್ದಕ್ಕೆ ಗೋವಿನ ಕಣ್ಣು ಎಂದು ಅರ್ಥ. ಇಂಗ್ಲಿಷರು ಕಿಟಕಿಗೆ ಹೇಳುವ ವಿಂಡೋ ಎಂಬ ಮಾತು ಉತ್ತರ ಯೂರೋಪಿನ ಹಳೆಯ ನಾರ್ಸ್ ಭಾಷೆಯಿಂದ ಬಂದುದು. ಅದರ ಅರ್ಥ ಗಾಳಿಯ ಕಣ್ಣು. ಬಹಳ ದೂರದಲ್ಲಿದ್ದ ಎರಡು ಜನಾಂಗಗಳು ಗೋಡೆಯ ರಂಧ್ರವನ್ನು ಕಂಡು ಒಂದೇ ಅಂಗವನ್ನು ನೆನೆದವು. ಆದರೆ ಕಣ್ಣಿಗೆ ರೆಪ್ಪೆಯಿದೆ. ಆ ರೆಪ್ಪೆಯನ್ನು ತೆರೆಯುವ ಮುಚ್ಚುವ ಅಧಿಕಾರ ಕಣ್ಣುಳ್ಳವನದೇ. ಈ ಪ್ರಾಂತದ ಬೆಳಕಿಂಡಿಗಳ ವಿಷಯದಲ್ಲಿ ಎಡವಟ್ಟಾಗಿರುವುದು ಇಲ್ಲಿಯೇ.

ಇಲ್ಲಿಯ ಮನೆಗಳ ಛಾವಣಿಯನ್ನು ತಿಳಿಯಬೇಕಾದರೆ ಇಲ್ಲಿಯ ನೆಲವನ್ನು ತಿಳಿಯಬೇಕು. ಭೀಮಾ ಮತ್ತು ಕಾಗಿಣಾ ನದಿಗಳ ಈ ಬಯಲಿನಲ್ಲಿ ಮಣ್ಣನ್ನು ಅಷ್ಟು ಸರಿಸಿದರೆ ಪದರು ಪದರಾದ ಸುಣ್ಣಕಲ್ಲು ದೊರೆಯುತ್ತದೆ. ಪುಸ್ತಕದ ಹಾಳೆಗಳನ್ನು ಬಿಡಿಸಿದಂತೆ ಈ ಕಲ್ಲನ್ನು ಚಪ್ಪಟೆಯಾದ ಹಾಸುಗಳಾಗಿ ಬಿಡಿಸಬಹುದು. ಜನರು ಇದಕ್ಕೆ ಪರಸಿ ಎನ್ನುತ್ತಾರೆ. ಹೊರನಾಡಿನಲ್ಲಿ ಇದು ಶಹಾಬಾದದ ಕಲ್ಲೆಂದೇ ಪ್ರಸಿದ್ಧವಾಗಿದೆ. 1871ರಲ್ಲಿ ಮುಂಬಯಿಯ ಕಡೆಯಿಂದ ರಾಯಚೂರಿನವರೆಗೆ ರೈಲುಮಾರ್ಗವು ಬಂದಿತು. 1874ರಲ್ಲಿ ವಾಡಿಯಿಂದ ಕವಲೊಡೆದ ನಿಜಾಮರ ರೈಲುಮಾರ್ಗವು ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದನ್ನು ಮುಟ್ಟಿತು. ಮುಂಬಯಿ, ಪುಣೆ, ಹೈದರಾಬಾದುಗಳ ಎಷ್ಟೋ ಮನೆಗಳ ನೆಲ ಈ ಕಲ್ಲಿನದು. ಹೊರಗಿನವರು ಕಾಲಡಿಗೆ ಹಾಕಿಕೊಂಡ ಈ ಕಲ್ಲನ್ನು ಇಲ್ಲಿಯವರು ತಲೆಯ ಮೇಲೆಯೂ ಹಾಕಿಕೊಂಡರು. ಗೋಡೆ ಅದರದು, ಅಂಗಳ ಅದರದು, ಛಾವಣಿಯೂ ಅದರದು. ತೊಲೆಗಳ ಮೇಲೆ ಉದ್ದನೆಯ ಹಾಸುಗಲ್ಲುಗಳನ್ನು ಹೊಂದಿಸಿ, ಮೇಲೆ ಮಣ್ಣನ್ನೋ ಗಾರೆಯನ್ನೋ ಬಡಿದು ಮಾಳಿಗೆ ಮಾಡುತ್ತಿದ್ದರು. ಬೆಳಕಿಂಡಿಗಾಗಿ ಒಂದೆಡೆ ಜಾಗ ಬಿಟ್ಟು, ಅದರ ಮುಚ್ಚಳಕ್ಕೂ ಅಂಥದೇ ಒಂದು ತುಂಡನ್ನು ಇರಿಸುತ್ತಿದ್ದರು. ಕಲ್ಲಿಗೆ ಕೊರತೆಯಿಲ್ಲದ ನಾಡಿನಲ್ಲಿ ಮುಚ್ಚಳಕ್ಕೆ ಬೇರೆ ವಸ್ತುವನ್ನು ಹುಡುಕುವವರು ಯಾರು?

ಈಗ ಆ ಮುಚ್ಚಳದ ತೂಕವನ್ನು ಲೆಕ್ಕ ಹಾಕಿ ನೋಡಬಹುದು. ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದು ಅಂಗುಲ ದಪ್ಪದ ಕಲ್ಲಿನ ಗಾತ್ರ ಐದು ಸಾವಿರ ಘನ ಸೆಂಟಿಮೀಟರಿಗಿಂತ ತುಸು ಹೆಚ್ಚು. ಇಂತಹ ಸುಣ್ಣಕಲ್ಲು ನೀರಿಗಿಂತ ಸುಮಾರು ಎರಡೂವರೆ ಪಟ್ಟಿಗೂ ಮಿಗಿಲಾಗಿ ಭಾರವಾದುದರಿಂದ ಆ ತುಂಡು ಹದಿಮೂರು ಕಿಲೋಗ್ರಾಂ ತೂಗುತ್ತದೆ. ಎರಡಡಿ ಚೌಕದ್ದಾದರೆ ಇಪ್ಪತ್ತನಾಲ್ಕು ಕಿಲೋಗ್ರಾಂ. ಕೆಳಗೆ ನಿಂತವರು ಹತ್ತಡಿ ಎತ್ತರದಲ್ಲಿರುವ ಈ ಭಾರವನ್ನು ಬಿದಿರಿನ ಕೋಲಿನಿಂದ ತಳ್ಳಲಾರರು. ತಳ್ಳಿದರೂ ಅದು ಅಲುಗಿ ಮತ್ತೆ ಅಲ್ಲಿಯೇ ಕೂರುತ್ತದೆ, ಇಲ್ಲವೇ ಓರೆಯಾಗಿ ಒಳಗೆ ಬೀಳುತ್ತದೆ. ಆದಕಾರಣ ಅದನ್ನು ತೆಗೆಯಬೇಕಾದರೆ ಮಾಳಿಗೆಯನ್ನೇ ಹತ್ತಬೇಕು. ಅದಕ್ಕೆ ಏಣಿ ಬೇಕು. ಏಣಿಯನ್ನು ನೆರೆಯವರು ಒಯ್ದಿರುತ್ತಾರೆ. ಹತ್ತುವುದಕ್ಕೆ ಗಟ್ಟಿಯಾದ ಒಬ್ಬ ಗಂಡಾಳು ಬೇಕು. ಅವನು ಹೊಲಕ್ಕೋ ಕಲ್ಲಿನ ಗಣಿಗೋ ಕಾರ್ಖಾನೆಗೋ ಹೋಗಿರುತ್ತಾನೆ. ಸಂಜೆ ಬಂದಾಗ ಸೂರ್ಯನೂ ಮನೆಗೆ ಹೋಗಿರುತ್ತಾನೆ.

ಇನ್ನು ಕೆಳಗೆ ಇರುವವರು ಯಾರು? ಜೋಳದ ರೊಟ್ಟಿಯನ್ನು ಬಡಿಯುವವಳು. ಈ ಸೀಮೆಯ ಮುಖ್ಯ ಬೆಳೆ ತೊಗರಿ. ಬೇಳೆಯನ್ನು ಪೇಟೆಗೆ ಕಳುಹಿಸಿದ ಮೇಲೆ ಅದರ ಒಣಗಿದ ಕಟ್ಟಿಗೆ ಒಲೆಗೆ ಬರುತ್ತದೆ. ಮಳೆಗಾಲದಲ್ಲಿ ತಂಪು ಹಿಡಿದ ತೊಗರಿಕಟ್ಟಿಗೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಒಂದು ದೊಡ್ಡ ಸಂಸಾರಕ್ಕೆ ಬೇಕಾಗುವಷ್ಟು ರೊಟ್ಟಿಯನ್ನು ಬೇಯಿಸಲು ಒಂದು ಗಂಟೆಯಾದರೂ ಬೇಕು. ಅಷ್ಟು ಹೊತ್ತು ಅವಳು ಊದುಗೊಳವೆಯನ್ನು ಊದುತ್ತ, ಸೆರಗಿನಿಂದ ಕಣ್ಣೊರೆಸುತ್ತ, ಮುಚ್ಚಿದ ಆ ಕಲ್ಲಿನ ಕೆಳಗೆ ಕುಳಿತಿರುತ್ತಾಳೆ. ಮಗ್ಗುಲಿನ ನಡುಮನೆಯಲ್ಲಿ ಕೆಮ್ಮುವ ಮುದುಕರು ಇರುತ್ತಾರೆ, ತೊಟ್ಟಿಲಲ್ಲಿ ಕೂಸಿರುತ್ತದೆ. ಬೆಳಕಿಂಡಿ ಬೇಕಾದವರು ಇವರು. ಅದನ್ನು ತೆರೆಯಬಲ್ಲವನು ಮಾತ್ರ ಹೊರಗೆ ಗಾಳಿಯಲ್ಲಿ ಇರುವವನು! ಕೀಲಿಯನ್ನು ಒಬ್ಬರ ಕೈಗೂ ಮನೆಯನ್ನು ಇನ್ನೊಬ್ಬರ ಕೈಗೂ ಕೊಟ್ಟಂತಿದೆ ಈ ವ್ಯವಸ್ಥೆ. ಯಾರೂ ಕೆಟ್ಟ ಮನಸ್ಸಿನಿಂದ ಹೀಗೆ ಮಾಡಲಿಲ್ಲ ಎಂಬುದೇನೋ ನಿಜ. ಆದರೆ ಕೆಟ್ಟ ಮನಸ್ಸಿಲ್ಲದ ಮಾತ್ರಕ್ಕೆ ಹೊಗೆಯು ತನ್ನ ಕೆಲಸವನ್ನು ಬಿಡುವುದಿಲ್ಲ. ಮನೆಯೊಳಗಿನ ಒಲೆಗಳ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು ಮೂವತ್ತೆರಡು ಲಕ್ಷ ಜನ ಅಕಾಲ ಮರಣವನ್ನು ಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಅನಿಲದ ಒಲೆ ಬಂದಿರುವಾಗ ಈ ಮಾತೇಕೆ ಎಂದು ಕೆಲವರು ಕೇಳಬಹುದು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಅನಿಲದ ಸಿಲಿಂಡರು ಬಂದುದು ದೊಡ್ಡ ಉಪಕಾರವೇ ಸರಿ. ಆದರೂ ಚಹಾಕ್ಕೆ ಅನಿಲ, ರೊಟ್ಟಿಗೂ ಸ್ನಾನದ ನೀರಿಗೂ ಕಟ್ಟಿಗೆ ಎಂಬ ಪದ್ಧತಿ ಎಷ್ಟೋ ಮನೆಗಳಲ್ಲಿ ಉಳಿದುಕೊಂಡಿದೆ. ಹೊಲದಿಂದ ಪುಕ್ಕಟೆ ಬರುವ ಕಟ್ಟಿಗೆಯನ್ನು ಬಿಟ್ಟು ಹಣ ಕೊಟ್ಟು ಸಿಲಿಂಡರನ್ನು ತುಂಬಿಸಲು ಕೂಲಿಯವನ ಮನಸ್ಸು ಹಿಂಜರಿಯುತ್ತದೆ. ಅಲ್ಲದೆ ಒಗ್ಗರಣೆಯ ಘಾಟು, ಬೇಯುವ ಅನ್ನದ ಹಬೆ, ಹತ್ತು ಜನರ ಉಸಿರು, ಕಾದ ಕಲ್ಲಿನ ಸೆಕೆ ಇವುಗಳಿಗೂ ಹೊರದಾರಿಯೊಂದು ಬೇಡವೇ?

ಬಿಸಿಯಾದ ಗಾಳಿಯು ಹಗುರವಾಗಿ ಮೇಲಕ್ಕೇರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ವಿಜ್ಞಾನದ ಪಾಠದಲ್ಲಿ ಓದಿರುತ್ತಾರೆ. ಮೇಲೆ ದಾರಿ ಇದ್ದರೆ ಅದು ಹೊರಟುಹೋಗುತ್ತದೆ, ಅದರ ಜಾಗವನ್ನು ತುಂಬಲು ಬಾಗಿಲಿನಿಂದ ತಂಪು ಗಾಳಿ ಒಳಬರುತ್ತದೆ. ಹೊರದಾರಿಯು ಎಷ್ಟು ಎತ್ತರದಲ್ಲಿರುತ್ತದೆಯೋ ಈ ಹರಿವು ಅಷ್ಟು ಚುರುಕಾಗಿರುತ್ತದೆ. ಬೆಳಕಿನ ವಿಷಯದಲ್ಲಿಯೂ ಎತ್ತರಕ್ಕೆ ಹೀಗೆಯೇ ಒಂದು ಬೆಲೆಯುಂಟು. ಮೋಡ ಕವಿದ ದಿನ ನೆತ್ತಿಯ ಮೇಲಿನ ಆಕಾಶವು ದಿಗಂತದ ಆಕಾಶಕ್ಕಿಂತ ಸುಮಾರು ಮೂರು ಪಟ್ಟು ಪ್ರಕಾಶಮಾನವಾಗಿರುತ್ತದೆ ಎಂದು ಬೆಳಕನ್ನು ಅಳೆಯುವ ಶಾಸ್ತ್ರಜ್ಞರು ಲೆಕ್ಕ ಹಿಡಿಯುತ್ತಾರೆ. ಆದುದರಿಂದ ಗೋಡೆಯ ಕಿಟಕಿಯು ಮಂಕಾಗಿರುವ ಶ್ರಾವಣದ ಮಧ್ಯಾಹ್ನದಲ್ಲಿಯೂ ಅಂಗೈಯಗಲದ ಬೆಳಕಿಂಡಿಯೊಂದು ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಬೆಳಕನ್ನು ಕೊಡುತ್ತದೆ. ಅದು ಎತ್ತರದಲ್ಲಿರುವುದು ತಪ್ಪಲ್ಲ. ಅಲ್ಲಿ ಇರುವುದರಿಂದಲೇ ಅದು ಬೆಳಕಿಂಡಿ. ಎತ್ತರದಲ್ಲಿ ಇರಿಸಿದವರು ಅದಕ್ಕೆ ಕೈ ನಿಲುಕುವ ಉಪಾಯವನ್ನು ಯೋಚಿಸದೆ ಹೋದುದು ತಪ್ಪು.

ಬೆಳಕಿಂಡಿಗೆ ಇನ್ನೊಂದು ಸೊಗಸೂ ಇದೆ. ಅದರಿಂದ ಬಿದ್ದ ಬಿಸಿಲಿನ ಚೌಕವು ನೆಲದ ಮೇಲೆ ಸರಿಯುವುದನ್ನು ನೋಡಿಯೇ ಹಿಂದಿನ ಗೃಹಿಣಿಯರು ಹೊತ್ತನ್ನು ಹೇಳುತ್ತಿದ್ದರು. ಈ ಐದೂ ಊರುಗಳು ಹದಿನೇಳರಿಂದ ಹದಿನೇಳೂವರೆ ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಇವೆ. ಆದಕಾರಣ ವರ್ಷದಲ್ಲಿ ಎರಡು ಸಲ, ಮೇ ತಿಂಗಳ ಎರಡನೆಯ ವಾರದ ಆರಂಭದಲ್ಲಿ ಮತ್ತು ಆಗಸ್ಟ್ ತಿಂಗಳ ಮೊದಲ ವಾರದಲ್ಲಿ, ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಬಿಸಿಲಿನ ಚೌಕವು ಬೆಳಕಿಂಡಿಯ ನೇರ ಕೆಳಗೆ, ಕಂಬದಂತೆ ನಿಲ್ಲುತ್ತದೆ. ಡಿಸೆಂಬರ್ ಕೊನೆಗೆ ಸೂರ್ಯನು ದಕ್ಷಿಣಕ್ಕೆ ವಾಲಿರುತ್ತಾನೆ. ಹತ್ತಡಿ ಎತ್ತರದಿಂದ ಬಿದ್ದ ನಡುಹಗಲ ಬಿಸಿಲು ಎಂಟೂವರೆ ಅಡಿ ಉತ್ತರಕ್ಕೆ ಹೋಗಿ ಗೋಡೆಯ ಬುಡವನ್ನು ಮುಟ್ಟುತ್ತದೆ. ಚಳಿಯಲ್ಲಿ ಮನೆಯ ಹಿರಿಯರ ಹಾಸಿಗೆಯೂ ಅದರ ಬೆನ್ನು ಹತ್ತಿ ಸರಿಯುತ್ತ ಹೋಗುತ್ತದೆ. ಅಕ್ಷಾಂಶ ರೇಖಾಂಶಗಳನ್ನು ಬಾಯಿಪಾಠ ಮಾಡುವ ಹುಡುಗರಿಗೆ ಮನೆಯ ನೆಲದ ಮೇಲೆಯೇ ಇಷ್ಟು ದೊಡ್ಡ ನಕಾಶೆ ಬರೆದಿರುವುದು ಗೊತ್ತಿರುವುದಿಲ್ಲ. ಗೊತ್ತಿದ್ದರೂ ಕಲ್ಲು ಮುಚ್ಚಿರುವ ಮನೆಯಲ್ಲಿ ನೋಡುವ ಭಾಗ್ಯ ಎಲ್ಲಿ ಬರಬೇಕು?

ಕಲ್ಲಿನ ಮಾಳಿಗೆಗೆ ಒಂದು ವಿಶೇಷ ಗುಣವಿದೆ. ಅದು ಬೇಗ ಕಾಯುವುದಿಲ್ಲ, ಕಾದರೆ ಬೇಗ ಆರುವುದೂ ಇಲ್ಲ. ಕಲಬುರಗಿ ಸೀಮೆಯ ಬೇಸಗೆಯಲ್ಲಿ ಉಷ್ಣತೆಯು ನಲವತ್ತು ಡಿಗ್ರಿಯನ್ನು ದಾಟುವುದು ಪ್ರತಿವರ್ಷದ ಮಾತು. ಹಗಲೆಲ್ಲ ಬಿಸಿಲು ಕುಡಿದ ಕಲ್ಲು ರಾತ್ರಿಯ ಹೊತ್ತು ಆ ಕಾವನ್ನು ಒಳಗಿನವರ ಮೇಲೆ ಸುರಿಯುತ್ತದೆ. ಇದಕ್ಕೆ ಮದ್ದೆಂದರೆ ಸಂಜೆಯಿಂದ ಬೆಳಗಿನವರೆಗೆ ಬೆಳಕಿಂಡಿಯನ್ನು ತೆರೆದಿಟ್ಟು ಕಾದ ಗಾಳಿಯನ್ನು ಹೊರಗೆ ಬಿಡುವುದು, ಬಿಸಿಲೇರುತ್ತಲೇ ಮುಚ್ಚಿ ರಾತ್ರಿಯ ತಂಪನ್ನು ಒಳಗೆ ಹಿಡಿಯುವುದು. ಚಳಿಗಾಲದಲ್ಲಿ ಇದಕ್ಕೆ ತೀರ ವಿರುದ್ಧ: ಹಗಲು ತೆರೆಯಬೇಕು, ಇರುಳು ಮುಚ್ಚಬೇಕು. ಮಳೆಗಾಲದಲ್ಲಂತೂ ಗಳಿಗೆಗೊಂದು ನಿರ್ಣಯ. ಶಹಾಬಾದ, ವಾಡಿಗಳ ಕಡೆ ಕಲ್ಲುಗಣಿಗಳ ಧೂಳು ಎದ್ದ ದಿನ ಮುಚ್ಚಬೇಕು, ಗಾಳಿ ತಿರುಗಿದೊಡನೆ ತೆರೆಯಬೇಕು. ಹೀಗೆ ಬೆಳಕಿಂಡಿಯು ಬಾಗಿಲಿನಂತೆ ದಿನಕ್ಕೆ ಎರಡು ಮೂರು ಬಾರಿ ಆಡಬೇಕಾದ ವಸ್ತು. ಪ್ರತಿಸಲವೂ ಏಣಿಯನ್ನು ತಂದು ಹತ್ತಬೇಕೆಂದಾದರೆ ಯಾರು ಹತ್ತುತ್ತಾರೆ? ಮೃಗಶಿರಾ ಮಳೆಗೆ ಮುಚ್ಚಿದ ಕಲ್ಲನ್ನು ದಸರೆಗೆ ತೆಗೆಯೋಣ ಎನ್ನುತ್ತಾರೆ. ದಸರೆಯಲ್ಲಿ ದೀಪಾವಳಿಗೆ ಎನ್ನುತ್ತಾರೆ. ಆಮೇಲೆ ತೊಗರಿಯ ರಾಶಿ ಬರುತ್ತದೆ. ಮರುವರ್ಷದ ಮಳೆಗೆ ಮುಂಚೆ ಸೋರುವ ಸಂದಿಗೆ ಗಾರೆ ಮೆತ್ತಲು ಬಂದ ಗೌಂಡಿಯು ಬೆಳಕಿಂಡಿಯ ಸುತ್ತಲೂ ಎರಡು ಕರಣೆ ಗಾರೆಯನ್ನು ಹಚ್ಚಿ ಅದರ ಕತೆಯನ್ನು ಮುಗಿಸಿಬಿಡುತ್ತಾನೆ. ಹಳೆಯ ಮಾಳಿಗೆಗಳ ಮೇಲೆ ಹೀಗೆ ಶಾಶ್ವತವಾಗಿ ಕಣ್ಣು ಮುಚ್ಚಿಸಿಕೊಂಡ ಬೆಳಕಿಂಡಿಗಳು ಚಿಕ್ಕ ಗದ್ದುಗೆಗಳಂತೆ ಕಾಣಸಿಗುತ್ತವೆ. ಮಕ್ಕಳು ಅವುಗಳ ಮೇಲೆ ಕುಳಿತು ಗಾಳಿಪಟ ಹಾರಿಸುತ್ತಾರೆ.

ತೆರೆದೇ ಇಟ್ಟರಾಗದೇ ಎಂದರೆ, ಹಾಗೆ ಇಟ್ಟವರೂ ಚರಿತ್ರೆಯಲ್ಲಿದ್ದಾರೆ. ರೋಮ್ ನಗರದಲ್ಲಿ ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಎರಡನೆಯ ಶತಮಾನದಲ್ಲಿ, ಪೂರ್ಣವಾದ ಪ್ಯಾಂಥಿಯನ್ ಎಂಬ ದೇವಾಲಯದ ಗುಮ್ಮಟವು ನಲವತ್ತಮೂರು ಮೀಟರು ಅಗಲವಾಗಿದೆ. ಅದರ ನೆತ್ತಿಯಲ್ಲಿ ಎಂಟೊಂಬತ್ತು ಮೀಟರು ಅಗಲದ ದುಂಡನೆಯ ಬೆಳಕಿಂಡಿಯಿದೆ. ಅದಕ್ಕೆ ಮುಚ್ಚಳವೇ ಇಲ್ಲ. ಮಳೆ ಬಂದರೆ ಒಳಗೆ ಬೀಳುತ್ತದೆ. ನೆಲದಲ್ಲಿ ಕೊರೆದ ರಂಧ್ರಗಳ ಮೂಲಕ ಹರಿದುಹೋಗುತ್ತದೆ. ಚಕ್ರವರ್ತಿಯ ಕಟ್ಟಡಕ್ಕೆ ಅದು ಭೂಷಣ. ಆದರೆ ಅಡಿಗೆಮನೆಯಲ್ಲಿ ಬೆಳಕಿಂಡಿಯ ಕೆಳಗೆ ಜೋಳದ ಹಿಟ್ಟಿನ ಬುಟ್ಟಿಯಿರುತ್ತದೆ. ಸಮೀಪದ ಉದಾಹರಣೆಯೇ ಬೇಕೆಂದರೆ ಕಲಬುರಗಿಯ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿಯಾ ಮಸೀದಿಯಿದೆ. ಸಾಮಾನ್ಯವಾಗಿ ಮಸೀದಿಗಳಲ್ಲಿರುವ ತೆರೆದ ಅಂಗಳ ಇದಕ್ಕಿಲ್ಲ. ಇಡೀ ಆವರಣವೇ ಗುಮ್ಮಟಗಳಿಂದ ಮುಚ್ಚಿದೆ. ಆದರೂ ಒಳಗೆ ಕತ್ತಲೆಯಿಲ್ಲ; ಪಕ್ಕಗಳ ಅಗಲವಾದ ಕಮಾನುಗಳಿಂದ ಬೆಳಕು ಹಾಯ್ದು ಬರುತ್ತದೆ. ಛಾವಣಿಯನ್ನು ಮುಚ್ಚುವ ಮೊದಲೇ ಬೆಳಕು ಎಲ್ಲಿಂದ ಬರಬೇಕೆಂದು ಯೋಚಿಸಿದ ಕಟ್ಟಡ ಅದು. ನಾಲ್ಕೂ ಕಡೆ ತೆರಪಿರುವ ಆ ಸೌಕರ್ಯ ಓಣಿಯ ಮನೆಗಿಲ್ಲ.

ಈಚಿನವರು ಕಂಡುಕೊಂಡ ಪರಿಹಾರ ಗಾಜು. ಕಲ್ಲನ್ನು ತೆಗೆದು ಅಲ್ಲಿ ಗಾಜನ್ನೋ ಪಾರದರ್ಶಕವಾದ ಪ್ಲಾಸ್ಟಿಕ್ ತಗಡನ್ನೋ ಕೂರಿಸಿ ಸುತ್ತಲೂ ಸಿಮೆಂಟನ್ನು ಮೆತ್ತುತ್ತಾರೆ. ಇನ್ನು ಹತ್ತುವ ಗೋಜಿಲ್ಲ, ಮಳೆಯ ಭಯವಿಲ್ಲ, ಬೆಳಕೂ ಉಂಟು. ಬ್ರೆಜಿಲ್ ದೇಶದ ಆಲ್ಫ್ರೆಡೊ ಮೋಸರ್ ಎಂಬ ಯಂತ್ರಕುಶಲಿಯು 2002ರಲ್ಲಿ ಇನ್ನೂ ಅಗ್ಗದ ದಾರಿಯನ್ನು ತೋರಿಸಿದನು: ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರನ್ನೂ ಸ್ವಲ್ಪ ಬ್ಲೀಚನ್ನೂ ತುಂಬಿ ತಗಡಿನ ಮಾಡಿನಲ್ಲಿ ಸಿಕ್ಕಿಸಿದರೆ ಹಗಲಿನಲ್ಲಿ ದೀಪದಂತೆ ಕೋಣೆಯನ್ನು ಬೆಳಗುತ್ತದೆ. ಫಿಲಿಪೈನ್ಸ್ ದೇಶದ ಬಡವರ ಗುಡಿಸಲುಗಳಿಗೆ ಈ ಉಪಾಯವು 2011ರಿಂದ ಹಬ್ಬಿತು. ಇದು ಮೆಚ್ಚತಕ್ಕ ಜಾಣ್ಮೆಯೇ. ಆದರೆ ಬಾಟಲಿಯಾಗಲಿ ಗಾಜಾಗಲಿ ಬೆಳಕನ್ನು ಒಳಗೆ ಬಿಡುತ್ತದೆಯೇ ಹೊರತು ಹೊಗೆಯನ್ನು ಹೊರಗೆ ಬಿಡುವುದಿಲ್ಲ. ಮೇ ತಿಂಗಳಲ್ಲಿ ಗಾಜಿನ ಮೂಲಕ ಬಿಸಿಲು ಬರುತ್ತದೆ, ಕಾವು ಹೊರಹೋಗದೆ ಒಳಗೆ ಸಿಕ್ಕಿಬೀಳುತ್ತದೆ. ನಡುಮನೆಗೆ ಇದು ನಡೆದೀತು; ಅಡಿಗೆಮನೆಗೆ ಇದನ್ನು ಶಿಫಾರಸು ಮಾಡುವವರು ಅಲ್ಲಿ ಒಂದು ಹೊತ್ತು ರೊಟ್ಟಿ ಬಡಿದು ನೋಡಬೇಕು.

ಇನ್ನೊಂದು ವಾದ ವಿದ್ಯುಚ್ಛಕ್ತಿಯದು. ಗುಂಡಿಯನ್ನು ಒತ್ತಿದರೆ ದೀಪ, ಇನ್ನೊಂದನ್ನು ಒತ್ತಿದರೆ ಹೊಗೆಯನ್ನು ಎಳೆಯುವ ಪಂಖ. ಈ ಮಾತಿನಲ್ಲಿ ಹುರುಳಿದೆ. ಕಾಂಕ್ರೀಟಿನ ಮನೆಗಳಲ್ಲಿ ಬೆಳಕಿಂಡಿಯನ್ನೇ ಬಿಡದೆ, ನಡುಹಗಲಿನಲ್ಲಿ ದೀಪ ಹಚ್ಚಿಕೊಂಡು ಬಾಳುವವರು ಈಗ ಎಷ್ಟೋ ಜನರಿದ್ದಾರೆ. ಬೆಳಕಿಂಡಿಯ ಪಕ್ಷ ವಹಿಸುವವರು ಗುಂಡಿಯಿಂದ ಒಂದು ಪಾಠವನ್ನು ಕಲಿಯಬೇಕು: ಅದನ್ನು ಯಾರೂ ಛಾವಣಿಯ ಮೇಲೆ ಕೂರಿಸುವುದಿಲ್ಲ, ಕೈಗೆ ಸಿಕ್ಕುವಲ್ಲಿ ಗೋಡೆಯ ಮೇಲೆ ಕೂರಿಸುತ್ತಾರೆ. ದೀಪವು ಎತ್ತರದಲ್ಲಿ, ಅದರ ಅಧಿಕಾರವು ಕೈಯಳತೆಯಲ್ಲಿ. ಆದರೆ ವಿದ್ಯುತ್ತು ಹೋದಾಗ ಪಂಖವೂ ನಿಲ್ಲುತ್ತದೆ, ಒಲೆ ನಿಲ್ಲುವುದಿಲ್ಲ. ಪಂಖವು ತಿರುಗುತ್ತಿರುವಾಗಲೂ ಅದರ ಗಾಳಿ ತೆರೆದ ರಂಧ್ರಕ್ಕೆ ಸಮನಾಗುತ್ತದೆಂದು ಹೇಳುವಂತಿಲ್ಲ. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎತ್ತರವಾದ ಛಾವಣಿಯೂ ದೊಡ್ಡ ಕಿಟಕಿಗಳೂ ಇದ್ದ ಹಳೆಯ ಕೋಣೆಗಳಲ್ಲಿ ಅವುಗಳನ್ನು ತೆರೆದಾಗ, ಯಂತ್ರದಿಂದ ಗಾಳಿಯನ್ನು ಪೂರೈಸುವ ಹೊಸ ಕೋಣೆಗಳಲ್ಲಿ ಆಗುವುದಕ್ಕಿಂತ ಹೆಚ್ಚು ಗಾಳಿ ಬದಲಾಗುತ್ತಿತ್ತೆಂದು ಕಂಡುಬಂದಿತು. ತೆರೆದಾಗ ಎಂಬ ಮಾತು ಇಲ್ಲಿ ಮುಖ್ಯವಾದುದು.

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು ಒಣ ಬಿಸಿಯ ಪ್ರದೇಶಗಳಲ್ಲಿ ಕೋಣೆಯ ನೆಲದ ಹತ್ತನೆಯ ಒಂದು ಭಾಗದಷ್ಟಾದರೂ ಗಾಳಿ ಬೆಳಕಿನ ತೆರಪು ಇರಬೇಕೆಂದು ಹೇಳುತ್ತದೆ. ಹತ್ತಡಿ ಚೌಕದ ಅಡಿಗೆಮನೆಗೆ ಹತ್ತು ಚದರಡಿ. ಒಂದೂವರೆ ಅಡಿಯ ಬೆಳಕಿಂಡಿಯದು ಎರಡೂಕಾಲು ಚದರಡಿ ಮಾತ್ರ. ಅದೂ ಮುಚ್ಚಿಹೋದರೆ ಉಳಿಯುವುದು ಸೊನ್ನೆ. ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ.

ತೆರೆಯುವವರಿಗಿರುವ ಅಪಾಯವನ್ನೂ ಹೇಳಬೇಕು. ಮಳೆಯ ಹನಿ ಬೀಳುತ್ತಲೇ ಅವಸರದಿಂದ ಹತ್ತಿದವರ ಕಾಲಿಗೆ ನೆನೆದ ಪರಸಿ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಏಣಿಯಿಲ್ಲದವರು ಮೇಜಿನ ಮೇಲೆ ಮಣೆ, ಮಣೆಯ ಮೇಲೆ ಡಬ್ಬಿಯನ್ನಿಟ್ಟು ಒಳಗಿನಿಂದಲೇ ಕೈಚಾಚುತ್ತಾರೆ. ಹಾಗೆ ಬಿದ್ದು ಸೊಂಟ ಮುರಿದುಕೊಂಡ ಹಿರಿಯರಿಗೆ ಮತ್ತೆ ನಡೆದಾಡುವ ಶಕ್ತಿ ಬರುವುದು ಕಷ್ಟ. ಬೇಸಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುವ ರೂಢಿಯಿರುವ ಈ ಊರುಗಳಲ್ಲಿ ನಿದ್ದೆಗಣ್ಣಿನ ಮಗುವೊಂದು ತೆರೆದ ಬೆಳಕಿಂಡಿಯತ್ತ ನಡೆದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ. ಬೆಳಕಿಂಡಿಗೆ ಸುತ್ತಲೂ ಅರ್ಧ ಅಡಿಯ ಕಟ್ಟೆಯಿರಬೇಕು, ಅಡ್ಡಲಾಗಿ ಕಬ್ಬಿಣದ ಸರಳುಗಳಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಸರಳುಗಳಿಂದ ಮಂಗಗಳ ಕಾಟವೂ ತಪ್ಪುತ್ತದೆ. ಚಿಂಚೋಳಿಯ ಕಾಡಿನಂಚಿನ ಹಳ್ಳಿಗಳವರಿಗೆ ಇದನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಉಪಾಯವೇನು? ಉಪಾಯವು ಪ್ರತಿಯೊಂದು ಹಳ್ಳಿಯಲ್ಲಿಯೂ ತಲೆತಲಾಂತರದಿಂದ ಇತ್ತು. ಅದು ಇದ್ದುದು ಬಾವಿಯ ಮೇಲೆ. ನೀರು ತುಂಬಿದ ಒಂದು ಕೊಡ ಸುಮಾರು ಹದಿನೈದು ಕಿಲೋಗ್ರಾಂ ತೂಗುತ್ತದೆ. ಅಂತಹ ಕೊಡಗಳನ್ನು ಆಳವಾದ ಬಾವಿಯಿಂದ ದಿನಕ್ಕೆ ಹತ್ತಾರು ಬಾರಿ ಮೇಲೆಳೆದವಳು ಅದೇ ಒಲೆಯ ಮುಂದಿನ ಹೆಂಗಸು. ಹಗ್ಗವೂ ಗಡಗಡೆಯೂ ಅವಳ ಕೈಗೆ ಚೆನ್ನಾಗಿ ಗೊತ್ತು. ಕೆಳಕ್ಕೆ ಎಳೆದರೆ ಭಾರವು ಮೇಲಕ್ಕೇರುತ್ತದೆ ಎಂಬ ತತ್ವವನ್ನು ಅವಳು ಪುಸ್ತಕದಿಂದ ಕಲಿಯಲಿಲ್ಲ. ನೀರಿಗೆ ಹಾಕಿದ ಗಡಗಡೆಯನ್ನು ಬೆಳಕಿಗೂ ಹಾಕಬಹುದೆಂದು ಮನೆ ಕಟ್ಟಿಸಿದವರಿಗೆ ಏಕೆ ಹೊಳೆಯಲಿಲ್ಲ? ಕೊಡ ಬರದಿದ್ದರೆ ಗಂಡಸರೂ ಬಾಯಾರುತ್ತಿದ್ದರು ಎಂಬುದನ್ನು ಬಿಟ್ಟರೆ ಬೇರೆ ಕಾರಣ ತೋರುವುದಿಲ್ಲ.

ಮಾಡಬೇಕಾದುದು ಇಷ್ಟೇ. ಮೊದಲು ಕಲ್ಲಿನ ಮುಚ್ಚಳವನ್ನು ಕೈಬಿಡಬೇಕು. ಎರಡಡಿ ಚೌಕದ ಮರದ ಚೌಕಟ್ಟಿಗೆ ತುಕ್ಕು ಹಿಡಿಯದ ತಗಡನ್ನು ಬಡಿದರೆ ಐದು ಕಿಲೋಗ್ರಾಮಿನ ಒಳಗೆ ಮುಚ್ಚಳವಾಗುತ್ತದೆ. ಊರಿನ ಬಡಗಿ ಇದನ್ನು ಅರ್ಧ ದಿನದಲ್ಲಿ ಮಾಡಿಕೊಟ್ಟಾನು. ಅದರ ಒಂದು ಅಂಚನ್ನು ಕಟ್ಟೆಗೆ ತಿರುಗಣೆಗಳಿಂದ ಜೋಡಿಸಬೇಕು. ಆ ಅಂಚಿನ ಬಳಿ ಎರಡಡಿ ಎತ್ತರದ ಗೂಟವನ್ನು ನಿಲ್ಲಿಸಿ ಅದರ ತುದಿಗೆ ಒಂದು ಸಣ್ಣ ಗಡಗಡೆಯನ್ನು ಹಾಕಬೇಕು. ಮುಚ್ಚಳದ ಇನ್ನೊಂದು ಅಂಚಿಗೆ ಕಟ್ಟಿದ ಹಗ್ಗವು ಗಡಗಡೆಯ ಮೇಲೆ ಹಾಯ್ದು, ಕಟ್ಟೆಯ ಪಕ್ಕದಲ್ಲಿ ಕೂರಿಸಿದ ಒಂದು ಕೊಳವೆಯ ಮೂಲಕ ಒಳಗೆ ಇಳಿಯಬೇಕು. ಕೊಳವೆಯ ಬಾಯಿ ಮಾಳಿಗೆಯ ಮಟ್ಟಕ್ಕಿಂತ ಮೇಲಿದ್ದು ಬಾಗಿದ್ದರೆ ನೀರು ಇಳಿಯುವುದಿಲ್ಲ. ಒಂದು ಅಂಚು ತಿರುಗಣೆಯ ಮೇಲೆ ಕೂತಿರುವುದರಿಂದ ಎಳೆಯುವವರು ಹೊರಬೇಕಾದುದು ಮುಚ್ಚಳದ ಅರ್ಧ ಭಾರ; ಹಗ್ಗವು ಓರೆಯಾಗಿ ಎಳೆಯುವುದರಿಂದ ಇನ್ನೂ ಸ್ವಲ್ಪ ಹೆಚ್ಚು, ಎಲ್ಲ ಕೂಡಿ ಮೂರೂವರೆ ಕಿಲೋಗ್ರಾಮಿನಷ್ಟು. ಬಾವಿಯ ಕೊಡದ ಕಾಲು ಭಾಗವೂ ಆಗಲಿಲ್ಲ. ಎಪ್ಪತ್ತರ ಅಜ್ಜಿಯೂ ಎಳೆಯಬಲ್ಲಳು, ಆರನೆಯ ತರಗತಿಯ ಹುಡುಗಿಯೂ ಎಳೆಯಬಲ್ಲಳು.

ಇಲ್ಲಿ ಎರಡು ಎಚ್ಚರಿಕೆಗಳುಂಟು. ಮುಚ್ಚಳವು ಪೂರ್ತಿಯಾಗಿ ನೆಟ್ಟಗೆ ನಿಲ್ಲುವಷ್ಟು ತೆರೆಯಬಾರದು. ಸ್ವಲ್ಪ ವಾಲಿದ್ದರೆ ಹಗ್ಗವನ್ನು ಸಡಿಲಿಸಿದೊಡನೆ ತನ್ನ ಭಾರದಿಂದಲೇ ಮುಚ್ಚಿಕೊಳ್ಳುತ್ತದೆ. ಹಗ್ಗ ಕಡಿದರೂ ಆಗುವುದು ಅಷ್ಟೇ, ಮಳೆಯೇನೂ ಒಳಗೆ ಬರುವುದಿಲ್ಲ. ಇನ್ನೊಂದು, ತಿರುಗಣೆಯಿರುವ ಅಂಚು ನೈರುತ್ಯದ ಕಡೆಗೆ ಇರಬೇಕು. ಮುಂಗಾರಿನ ಗಾಳಿ ಆ ಕಡೆಯಿಂದ ಬೀಸಿದಾಗ ಮುಚ್ಚಳದ ಬೆನ್ನಿಗೆ ಹೊಡೆದು ಅದನ್ನು ಮುಚ್ಚುವ ಕಡೆಗೆ ತಳ್ಳುತ್ತದೆ. ವಿರುದ್ಧವಾಗಿ ಇಟ್ಟರೆ ಗಾಳಿಯು ಅದನ್ನು ಕಿತ್ತುಕೊಂಡು ಹೋಗಿ ಪಕ್ಕದ ಮನೆಯ ಅಂಗಳಕ್ಕೆ ಹಾಕೀತು. ಇಂತಹ ಸಣ್ಣ ವಿವರಗಳು ಮನೆಯನ್ನು ಅಳೆಯಲು ಬರುವ ಇಂಜಿನಿಯರರ ನಕಾಶೆಯಲ್ಲಿ ಕಾಣುವುದು ಅಪರೂಪ. ನಕಾಶೆಯಲ್ಲಿ ಬೆಳಕಿಂಡಿಯು ಒಂದು ಚೌಕ, ಅದರೊಳಗೆ ಎರಡು ಗೆರೆ. ಅದನ್ನು ತೆರೆಯುವ ಮನುಷ್ಯನನ್ನು ಬರೆಯುವ ಪದ್ಧತಿ ಇಲ್ಲ.

ಹಗ್ಗದ ಕೆಳತುದಿ ಎಲ್ಲಿರಬೇಕೆಂಬುದನ್ನು ಗೌಂಡಿಯನ್ನಾಗಲಿ ಯಜಮಾನನನ್ನಾಗಲಿ ಕೇಳಬಾರದು. ಒಲೆಯ ಮುಂದೆ ಕುಳಿತವಳು ತವದ ಮೇಲಿನ ರೊಟ್ಟಿಯನ್ನು ಬಿಟ್ಟು ಏಳದೆಯೇ ಎಡಗೈಯನ್ನು ಚಾಚಲಿ. ಕೈ ಮುಟ್ಟಿದ ಕಡೆ ಗೋಡೆಯಲ್ಲಿ ಒಂದು ಮೊಳೆಯನ್ನು ಹೊಡೆದು, ಹಗ್ಗವನ್ನು ಅಲ್ಲಿ ಎರಡು ಸುತ್ತು ಸುತ್ತಿ ಕಟ್ಟಬೇಕು. ಮೇ ತಿಂಗಳು ಮುಗಿಯುವುದರೊಳಗೆ ಇದನ್ನು ಮಾಡಿ ಮುಗಿಸಿದರೆ ಒಳ್ಳೆಯದು. ಜೂನ್ ಮೊದಲ ವಾರದಲ್ಲಿ ಮೃಗಶಿರಾ ಮಳೆ ಕೂಡುತ್ತದೆ. ಆಗ ಗೌಂಡಿಗಳು ಸಿಕ್ಕುವುದಿಲ್ಲ.